ಪ್ರಾರ್ಥನೆಗೆ ಕೂತಾಗ ನೆಮ್ಮದಿ, ಎದ್ದ ಮೇಲೆ ಅದೇ ಜಗಳ: ದೇವರ ಮೇಲೆ ಭಾರ ಹಾಕೋದು ಅಂದ್ರೆ ಸುಮ್ನಿರೋದಾ?

ಓದುಗರೊಬ್ಬರ ಪ್ರಶ್ನೆ:

"ಸರ್, ನನಗೆ 43 ವರ್ಷ. ಅಮ್ಮ ತೀರಿಕೊಂಡು ಎರಡು ವರ್ಷ ಆಯ್ತು, ಅಪ್ಪ ಅಣ್ಣನ ಜೊತೆ ಇದ್ದಾರೆ. ಅಣ್ಣ ನನಗೆ ಒಂದು ಮಾತೂ ಹೇಳದೆ ಅಪ್ಪನ ಹತ್ರ ಮನೆ ಪತ್ರಕ್ಕೆ ಸೈನ್ ಹಾಕಿಸ್ಕೊಂಡಿದ್ದಾನೆ ಅಂತ ಬೇರೆಯವರಿಂದ ಗೊತ್ತಾಯ್ತು. ಫೋನಲ್ಲಿ ಕೇಳಿದ್ದಕ್ಕೆ ದೊಡ್ಡ ಗಲಾಟೆ ಆಗೋಯ್ತು, ಎಂಟು ತಿಂಗಳಿಂದ ಮಾತಿಲ್ಲ. ನಾನು ಬೆಳಿಗ್ಗೆ ಒಂದು ಗಂಟೆ ಸಂಜೆ ಅರ್ಧ ಗಂಟೆ ಪ್ರಾರ್ಥನೆ ಮಾಡ್ತೀನಿ, ಆಗ ಮನಸ್ಸು ತಣ್ಣಗಿರುತ್ತೆ, ಆದ್ರೆ ಫ್ಯಾಮಿಲಿ ಗ್ರೂಪಲ್ಲಿ ಅವನ ಒಂದು ಮೆಸೇಜ್ ಬಂದ್ರೆ ಸಾಕು ಕೈ ನಡುಗುತ್ತೆ, ರಾತ್ರಿ ನಿದ್ದೆ ಇಲ್ಲ. ದೊಡ್ಡವರೊಬ್ಬರು 'ನಿಜವಾದ ನಂಬಿಕೆ ಇದ್ದಿದ್ರೆ ನಿನಗೆ ಈ ಕೋಪ ಬರ್ತಿರ್ಲಿಲ್ಲ, ಎಲ್ಲ ದೇವರಿಗೆ ಬಿಟ್ಟು ಸುಮ್ನಿರು' ಅಂದ್ರು. ನನ್ನ ಗಂಡ 'ದೇವರು ಬಂದು ಪತ್ರ ಬರ್ಕೊಡಲ್ಲ, ಲಾಯರ್ ನೋಟಿಸ್ ಕಳಿಸು' ಅಂತಾರೆ. ಕೋರ್ಟಿಗೆ ಹೋದ್ರೆ ದೇವರ ಮೇಲೆ ನಂಬಿಕೆ ಇಲ್ಲ ಅಂತಾಗುತ್ತಾ? ಇನ್ನೊಂದು ವಿಷಯ, ಹೇಳೋಕೆ ನಾಚಿಕೆ. ಒಂದು ರಾತ್ರಿ ಅವನಿಗೂ ಹಿಂಗೇ ಸಂಕಟ ಆಗ್ಲಿ ಅಂತ ಬೇಡ್ಕೊಂಡೆ. ಆಮೇಲಿಂದ ದೇವರ ಮುಂದೆ ಕೂರೋಕೇ ಭಯ. ನಾನು ಪ್ರಾರ್ಥನೆ ಜಾಸ್ತಿ ಮಾಡ್ಬೇಕಾ, ಕಮ್ಮಿ ಮಾಡ್ಬೇಕಾ?"

ಉತ್ತರ:

ನಿಮ್ಮ ಪತ್ರ ಎರಡು ಸಲ ಓದಿದೆ. ಮೇಲ್ನೋಟಕ್ಕೆ ಮೂರು ನಾಲ್ಕು ಪ್ರಶ್ನೆ ಇದೆ, ಆದ್ರೆ ಎಲ್ಲದರ ಕೆಳಗೆ ಇರೋದು ಒಂದೇ ಅನ್ಸುತ್ತೆ: ಕೋಪ ಹೋಗ್ತಿಲ್ಲ ಅಂದ್ರೆ ನನ್ನ ಭಕ್ತಿ ಸುಳ್ಳಾ? ನಾನು ಇಪ್ಪತ್ತೆರಡು ವರ್ಷದಿಂದ ಕುಟುಂಬಗಳ ಜೊತೆ ಕೌನ್ಸೆಲಿಂಗ್ ಮಾಡ್ತಿದೀನಿ, ಜಗಳ ಹೊತ್ಕೊಂಡು ಬರೋರಲ್ಲಿ ತುಂಬಾ ಜನ ದೇವರನ್ನ ನಂಬೋರೇ, ಮತ್ತೆ ಅವರಲ್ಲಿ ಹೆಚ್ಚಿನವರು ಜಗಳದ ನೋವಿನ ಜೊತೆ ಈ ಎರಡನೇ ನೋವನ್ನೂ ಹೊತ್ಕೊಂಡು ಬಂದಿರ್ತಾರೆ. ಮೊದಲನೇದು ಅಣ್ಣ ಕೊಟ್ಟಿದ್ದು. ಎರಡನೇದು ಬುದ್ಧಿ ಹೇಳೋಕೆ ಬಂದವರು ಕೊಟ್ಟಿದ್ದು. ನೀವು ಯಾವ ಧರ್ಮದವರು ಅಂತ ಬರೆದಿಲ್ಲ, ನಾನೂ ಕೇಳಲ್ಲ, ಯಾಕಂದ್ರೆ ಉತ್ತರ ಅದರಿಂದ ಬದಲಾಗಲ್ಲ. ನಾನೂ ಪ್ರಾರ್ಥನೆ ಮಾಡೋನೇ, ಅದನ್ನ ಮೊದಲೇ ಹೇಳ್ಬಿಡ್ತೀನಿ, ಹಾಗಾಗಿ ಇದನ್ನ ಹೊರಗಿನವನೊಬ್ಬ ಕೂತು ಹೇಳ್ತಿದಾನೆ ಅಂತ ಓದ್ಬೇಡಿ.

ಮೊದ್ಲು ಕೈ ನಡುಗೋದರ ವಿಷಯ. ಅದು ನಂಬಿಕೆಯ ಪರೀಕ್ಷೆಯ ರಿಸಲ್ಟ್ ಅಲ್ಲ, ದೇಹದ ಅಲಾರಂ. ನಮಗೆ ನೋವು ಮಾಡಿದ ವ್ಯಕ್ತಿಯ ಹೆಸರು ಸ್ಕ್ರೀನ್ ಮೇಲೆ ಕಂಡ ತಕ್ಷಣ, ನಾವು ಯೋಚನೆ ಮಾಡೋಕೂ ಮುಂಚೆ, ದೇಹ ಅಡ್ರಿನಲಿನ್ ಬಿಟ್ಟಿರುತ್ತೆ, ಎದೆ ಡವಗುಟ್ಟುತ್ತೆ, ಬಾಯಿ ಒಣಗುತ್ತೆ, ಕೈ ತಣ್ಣಗಾಗುತ್ತೆ. ಈ ಅಲಾರಂ 'ಇವಳು ಬೆಳಿಗ್ಗೆ ಪ್ರಾರ್ಥನೆ ಮಾಡಿದಾಳಾ ಇಲ್ವಾ' ಅಂತ ನೋಡ್ಕೊಂಡು ಹೊಡ್ಕೊಳ್ಳಲ್ಲ. ಎಂಟು ತಿಂಗಳಿಂದ ಆ ಗ್ರೂಪಿನ ಟಿಂಗ್ ಅನ್ನೋ ಸೌಂಡಿಗೂ ಆ ದಿನದ ಗಲಾಟೆಗೂ ನಿಮ್ಮ ಮೈಯೊಳಗೆ ಗಂಟು ಬಿದ್ದಿದೆ, ಅಷ್ಟೇ.

ಹಾಗಾದ್ರೆ ಪ್ರಾರ್ಥನೆಯಲ್ಲಿ ಸಿಗೋ ತಂಪು ಸುಳ್ಳಾ? ಇಲ್ಲ, ಅದೂ ನಿಜ, ಅಳೆದು ನೋಡಬಹುದಾದಷ್ಟು ನಿಜ. ಇಟಲಿಯ ಲೂಚಾನೋ ಬೆರ್ನಾರ್ಡಿ ಅನ್ನೋ ವೈದ್ಯರ ತಂಡ 2001ರಲ್ಲಿ ಒಂದು ಅಧ್ಯಯನ ಪ್ರಕಟಿಸಿತ್ತು, 23 ಆರೋಗ್ಯವಂತರ ಹತ್ರ ಕ್ರೈಸ್ತರ ಜಪಮಾಲೆಯ ಲ್ಯಾಟಿನ್ ಪ್ರಾರ್ಥನೆ ಹೇಳಿಸಿದ್ರು, ಬೌದ್ಧರ 'ಓಂ ಮಣಿ ಪದ್ಮೇ ಹೂಂ' ಮಂತ್ರಾನೂ ಹೇಳಿಸಿದ್ರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಆರರ ಹತ್ತಿರ ಬಂತು. ಸುಮ್ನೆ ಕೂತಾಗ ದೊಡ್ಡವರ ಉಸಿರು ನಿಮಿಷಕ್ಕೆ 12ರಿಂದ 20 ಇರುತ್ತೆ. ಆ ನಿಧಾನದ ಉಸಿರಿನಲ್ಲಿ ಹೃದಯ ಮತ್ತು ರಕ್ತದೊತ್ತಡದ ಹೊಂದಾಣಿಕೆ ಚೆನ್ನಾಗಾಯ್ತು ಅಂತ ಅವರು ತೋರಿಸಿದ್ರು. ಬೇರೆ ಬೇರೆ ಧರ್ಮ, ಬೇರೆ ಬೇರೆ ಭಾಷೆ, ಉಸಿರಿನ ಲಯ ಮಾತ್ರ ಒಂದೇ. (ಇದನ್ನ ಹೇಳಿದ್ರೆ ಕೆಲವರಿಗೆ ಬೇಜಾರಾಗುತ್ತೆ, ದೇವರನ್ನ ಉಸಿರಾಟಕ್ಕೆ ಇಳಿಸಿಬಿಟ್ರಿ ಅಂತಾರೆ. ನನಗೇನೋ ಹಾಗನ್ಸಲ್ಲ. ಅಮ್ಮ ತಲೆ ನೇವರಿಸಿದ್ರೆ ಮಗುವಿನ ಎದೆಬಡಿತ ಇಳಿಯುತ್ತೆ ಅಂತ ಯಾರಾದ್ರೂ ಅಳೆದು ತೋರಿಸಿದ್ರೆ ಅಮ್ಮನ ಪ್ರೀತಿ ಕಮ್ಮಿ ಆಯ್ತಾ?)

ಅಂದ್ರೆ ನಿಮ್ಮ ಪ್ರಾರ್ಥನೆ ಕೆಲಸ ಮಾಡ್ತಿದೆ. ಅದು ಮಾಡದೇ ಇರೋ ಕೆಲಸವನ್ನ ಅದರಿಂದ ನಿರೀಕ್ಷೆ ಮಾಡ್ತಿದ್ದೀರಿ, ತೊಂದರೆ ಇರೋದು ಅಲ್ಲಿ. ಪ್ರಾರ್ಥನೆ ನಿಮ್ಮನ್ನ ಶಾಂತ ಮಾಡುತ್ತೆ, ನಿಮ್ಮಿಬ್ಬರ ಮಧ್ಯೆ ಆಗ್ಬೇಕಾಗಿರೋ ಮಾತುಕತೆಯನ್ನ ಅದು ಆಡಿ ಮುಗಿಸಲ್ಲ. ಆ ಮಾತು ಆಡದೆ ಬಾಕಿ ಉಳಿದಿರೋವರೆಗೆ ಅಲಾರಂ ಹೊಡ್ಕೊಳ್ತಾನೇ ಇರುತ್ತೆ.

ಈಗ ಆ ದೊಡ್ಡವರು ಹೇಳಿದ ಮಾತು, ನಂಬಿಕೆ ಇದ್ರೆ ಕೋಪ ಬರಲ್ಲ ಅನ್ನೋದು. ಒಳ್ಳೆ ಮನಸ್ಸಿಂದಲೇ ಹೇಳಿರ್ತಾರೆ, ಆದ್ರೆ ಅವರು ನಂಬೋ ಗ್ರಂಥಗಳೇ ಅದನ್ನ ಒಪ್ಪಲ್ಲ. ಭಗವದ್ಗೀತೆ ಶುರುವಾಗೋದೇ ಒಬ್ಬ ಮನುಷ್ಯನ ಕೈ ನಡುಗೋದರಿಂದ. ಅರ್ಜುನ ತನ್ನವರನ್ನೇ ಎದುರು ನೋಡಿ ಮೈ ಸೋಲ್ತಿದೆ, ಬಾಯಿ ಒಣಗ್ತಿದೆ, ಶರೀರ ನಡುಗ್ತಿದೆ, ಗಾಂಡೀವ ಕೈಯಿಂದ ಜಾರ್ತಿದೆ ಅಂತಾನೆ, ನೀವು ಬರೆದಿರೋದೂ ಹೆಚ್ಚುಕಮ್ಮಿ ಅದೇ ಅಲ್ವಾ. ಎದುರಿಗೆ ಸಾಕ್ಷಾತ್ ಕೃಷ್ಣನೇ ಇದ್ದ. ದೇವರು ಪಕ್ಕದಲ್ಲಿ ಕೂತಿದ್ರೂ ಮೈ ನಡುಗುತ್ತೆ ಅಂತ ಆ ಕಥೆಯೇ ಒಪ್ಕೊಂಡಿದೆ. ಬೈಬಲಿನ ಕೀರ್ತನೆಗಳು 150, ಅದರಲ್ಲಿ ಗೋಳು, ದೂರು, 'ಎಷ್ಟರವರೆಗೆ ಸ್ವಾಮಿ' ಅನ್ನೋ ಪ್ರಶ್ನೆ ಇರೋವು ಸುಮಾರು ಮೂರನೇ ಒಂದು ಭಾಗ. 88ನೇ ಕೀರ್ತನೆಯಂತೂ ಕತ್ತಲೆ ಅನ್ನೋ ಮಾತಲ್ಲೇ ಮುಗಿಯುತ್ತೆ, ಕೊನೆಗೆ ಒಂದು ಸಮಾಧಾನದ ಸಾಲೂ ಇಲ್ಲ. ಅದನ್ನ ಯಾರೂ ಕಿತ್ತು ಹಾಕ್ಲಿಲ್ಲ, ಪ್ರಾರ್ಥನೆ ಅಂತಲೇ ಇಟ್ಕೊಂಡ್ರು.

ಹಾಗಾಗಿ ನಿಮ್ಮ ಕೋಪ ಭಕ್ತಿಯ ಕೊರತೆ ಅಲ್ಲ. ಆದ್ರೆ ಅದು ಏನು ಅಂತ ನೋಡ್ಬೇಕು.

ಆಸ್ತಿ ವಿಷಯಕ್ಕೆ ಒಡಹುಟ್ಟಿದವರು ಜಗಳ ಆಡ್ಕೊಂಡು ಬಂದಾಗ ನಾನು ಕೇಳೋ ಮೊದಲ ಪ್ರಶ್ನೆ ಮನೆ ಎಷ್ಟು ದೊಡ್ಡದು ಅಂತಲ್ಲ, ನಿಮ್ಮನೇಲಿ ಸುದ್ದಿ ಯಾರ ಮೂಲಕ ಓಡಾಡ್ತಿತ್ತು ಅಂತ. ಬಹಳ ಮನೆಗಳಲ್ಲಿ ಅದು ಅಮ್ಮ. ಅಣ್ಣನ ವಿಷಯ ತಂಗಿಗೆ ಅಮ್ಮ ಹೇಳ್ತಾಳೆ, ತಂಗಿಯ ಬೇಜಾರು ಅಣ್ಣನಿಗೆ ಅಮ್ಮ ಮುಟ್ಟಿಸ್ತಾಳೆ, ಮುಟ್ಟಿಸೋವಾಗ ಚೂಪು ತೆಗೆದು ಮುಟ್ಟಿಸ್ತಾಳೆ. 'ಅವನು ಹಂಗೆ ಹೇಳ್ಲಿಲ್ಲ ಕಣೆ, ಏನೋ ಟೆನ್ಷನ್ನಲ್ಲಿದ್ದ' ಅಂತ. ನಲವತ್ತು ವರ್ಷ ಹಿಂಗೇ ನಡೆದಿರುತ್ತೆ, ಇಬ್ಬರಿಗೂ ತಾವು ಚೆನ್ನಾಗಿದೀವಿ ಅನ್ಸಿರುತ್ತೆ. ಅಮ್ಮ ಹೋದ ದಿನ ಗೊತ್ತಾಗುತ್ತೆ, ನಮ್ಮಿಬ್ಬರ ಮಧ್ಯೆ ನೇರ ದಾರಿ ಯಾವತ್ತೂ ಇರ್ಲೇ ಇಲ್ಲ, ಇದ್ದಿದ್ದು ಒಂದು ಸೇತುವೆ, ಅದು ಬಿದ್ದೋಯ್ತು. ಆ ಪತ್ರದ ಸುದ್ದಿ ನಿಮಗೆ ಬೇರೆಯವರಿಂದ ಬಂತು ಅಂತ ಬರೆದಿದ್ದೀರಲ್ಲ, ಅಮ್ಮ ಇದ್ದಿದ್ರೆ ಹಾಗಾಗ್ತಿರ್ಲಿಲ್ಲ. ನಿಮ್ಮ ಕೋಪದಲ್ಲಿ ಮನೆಯ ಪಾಲು ಸ್ವಲ್ಪ ಇದೆ, 'ನನ್ನನ್ನ ಲೆಕ್ಕಕ್ಕೇ ಇಟ್ಟಿಲ್ಲ' ಅನ್ನೋದು ಜಾಸ್ತಿ ಇದೆ, ಅದರ ಅಡಿಗೆ ಅಮ್ಮನಿಗಾಗಿ ಇನ್ನೂ ಮುಗಿಯದ ಅಳು ಇದೆ ಅಂತ ನನ್ನ ಊಹೆ. ತಪ್ಪಿರಬಹುದು. ಆದ್ರೆ ಮುಂದಿನ ಸಲ ಪ್ರಾರ್ಥನೆಗೆ ಕೂತಾಗ ಅಣ್ಣನ ವಿಷಯ ಬಿಟ್ಟು ಅಮ್ಮನ ವಿಷಯ ಮಾತಾಡಿ ನೋಡಿ, ಏನು ಬರುತ್ತೆ ಅಂತ.

ಇನ್ನು 'ದೇವರಿಗೆ ಬಿಟ್ಬಿಡು' ಅನ್ನೋದು. ಇದೇ ನಿಮ್ಮ ಪತ್ರದ ಮುಖ್ಯ ಗಂಟು, ಸ್ವಲ್ಪ ನಿಧಾನವಾಗಿ ಬಿಚ್ಚೋಣ.

ಧರ್ಮದ ಮನೋವಿಜ್ಞಾನದಲ್ಲಿ ಕೆನೆತ್ ಪಾರ್ಗಮೆಂಟ್ ಅಂತ ಅಮೆರಿಕದ ಸಂಶೋಧಕರು ಇದಾರೆ, ಕಷ್ಟ ಬಂದಾಗ ಜನ ದೇವರ ಜೊತೆ ಹೇಗೆ ನಡ್ಕೊಳ್ತಾರೆ ಅಂತ ಅವರೂ ಅವರ ಸಹೋದ್ಯೋಗಿಗಳೂ 1988ರಲ್ಲಿ ಮೂರು ರೀತಿ ಗುರುತಿಸಿದ್ರು. ಕೆಲವರು ದೇವರು ನನಗೆ ಬುದ್ಧಿ ಕೈಕಾಲು ಕೊಟ್ಟಿದಾನೆ, ಮಿಕ್ಕಿದ್ದು ನಾನು ನೋಡ್ಕೊಳ್ತೀನಿ ಅಂತಾರೆ. ಕೆಲವರು ನಾನು ಏನೂ ಮಾಡಲ್ಲ, ಅವನೇ ಮಾಡ್ಲಿ ಅಂತ ಕಾಯ್ತಾರೆ. ಇನ್ನು ಕೆಲವರು ಅವನೂ ನಾನೂ ಸೇರಿ ಮಾಡೋದು ಅಂತಾರೆ. ಹೆಚ್ಚುಕಮ್ಮಿ ಕಂಡುಬಂದಿದ್ದು ಏನಂದ್ರೆ ಈ ಮೂರನೇ ಗುಂಪಿನವರಲ್ಲಿ 'ನನ್ನ ಕೈಲಾಗುತ್ತೆ' ಅನ್ನೋ ಭಾವನೆ ಹೆಚ್ಚಿರುತ್ತೆ, ಪೂರ್ತಿ ಬಿಟ್ಟು ಕಾಯೋರಲ್ಲಿ ಅದು ಕಮ್ಮಿ ಇರುತ್ತೆ. ಆದ್ರೆ ಇಲ್ಲೊಂದು ಸೂಕ್ಷ್ಮ ಇದೆ. ನಮ್ಮ ಕೈಯಲ್ಲಿ ನಿಜವಾಗ್ಲೂ ಏನೂ ಇಲ್ಲದ ಸಂದರ್ಭದಲ್ಲಿ, ಆಪರೇಷನ್ ಥಿಯೇಟರ್ ಹೊರಗೆ ಕೂತಿರ್ತೀವಲ್ಲ ಆ ಥರದ್ದರಲ್ಲಿ, ಪೂರ್ತಿ ಬಿಟ್ಟುಬಿಡೋದೇ ಬುದ್ಧಿವಂತಿಕೆ. ಹಾಗಾಗಿ ಬಿಡೋದು ಸರಿನಾ ತಪ್ಪಾ ಅನ್ನೋದಲ್ಲ ವಿಷಯ, ಯಾವುದನ್ನ ಬಿಡ್ತಿದ್ದೀರಿ ಅನ್ನೋದು.

ನಿಮ್ಮ ವಿಷಯದಲ್ಲಿ ನೋಡಿ. ಅಣ್ಣನ ಮನಸ್ಸು ಯಾವಾಗ ಕರಗುತ್ತೆ, ಕರಗುತ್ತಾ ಇಲ್ವಾ, ಇದು ನಿಮ್ಮ ಕೈಲಿಲ್ಲ. ನೆಂಟರು ಬೆನ್ನ ಹಿಂದೆ ಏನು ಮಾತಾಡ್ತಾರೆ, ಅದೂ ಇಲ್ಲ. ಅಪ್ಪ ಆಗ್ಲೇ ಸೈನ್ ಹಾಕಿದ್ರೆ ಆ ಗಳಿಗೆಯನ್ನ ವಾಪಸ್ ತರೋಕಾಗಲ್ಲ. ಇವನ್ನೆಲ್ಲ ದೇವರಿಗೆ ಬಿಡಿ, ಬೆಳಿಗ್ಗೆ ಸಂಜೆ ಬಿಡಿ, ಮತ್ತೆ ಕೈಗೆತ್ಕೊಂಡ್ರೆ ಮತ್ತೆ ಬಿಡಿ. ಆದ್ರೆ ಅಪ್ಪನನ್ನ ಹೋಗಿ ನೋಡೋದು, ಆ ಪತ್ರ ನಿಜಕ್ಕೂ ಏನು ಅಂತ ತಿಳ್ಕೊಳ್ಳೋದು, ಅಣ್ಣನಿಗೆ ಒಂದು ನೇರ ಮಾತು ಹೇಳೋದು, ರಾತ್ರಿ ಹನ್ನೆರಡಕ್ಕೆ ಗ್ರೂಪ್ ಓಪನ್ ಮಾಡದೆ ಇರೋದು, ಇವೆಲ್ಲ ನಿಮ್ಮ ಕೈಲಿರೋವು, ಇವನ್ನ ದೇವರಿಗೆ ಬಿಟ್ರೆ ಅದು ಭಾರ ಹಾಕೋದಲ್ಲ, ಬೆನ್ನ ಹಿಂದೆ ಅಡಗೋದು. ಪ್ರವಾದಿ ಮುಹಮ್ಮದರ ಬಗ್ಗೆ ತಿರ್ಮಿದಿ ಅನ್ನೋ ಹದೀಸ್ (ಪ್ರವಾದಿಯ ನಡೆನುಡಿಗಳ) ಸಂಗ್ರಹದಲ್ಲಿ ಒಂದು ಪ್ರಸಂಗ ಇದೆ, ಒಂಟೆ ಕಟ್ಟಿ ದೇವರ ಮೇಲೆ ಭರವಸೆ ಇಡ್ಲಾ, ಕಟ್ಟದೆ ಬಿಟ್ಟು ಭರವಸೆ ಇಡ್ಲಾ ಅಂತ ಒಬ್ಬ ಕೇಳಿದ್ದಕ್ಕೆ ಕಟ್ಟು, ಆಮೇಲೆ ಭರವಸೆ ಇಡು ಅಂದ್ರಂತೆ. ನಿಮ್ಮ ಒಂಟೆ ಎಂಟು ತಿಂಗಳಿಂದ ಬಿಚ್ಕೊಂಡೇ ಓಡಾಡ್ತಿದೆ.

ನಾನೂ ಇದರಲ್ಲಿ ಸಾಚಾ ಏನಲ್ಲ. ನನಗೂ ನನ್ನ ಹತ್ತಿರದವರೊಬ್ಬರಿಗೂ ಹಿಂದೆ ಒಂದು ವಿಷಯಕ್ಕೆ ಮಾತು ಬಿಟ್ಟೋಗಿತ್ತು, ಯಾರಾದ್ರೂ ಕೇಳಿದ್ರೆ 'ದೇವರಿಗೆ ಬಿಟ್ಟಿದೀನಿ' ಅಂತಿದ್ದೆ, ಕೇಳಿದವರು ಆಹಾ ಎಷ್ಟು ದೊಡ್ಡ ಮನಸ್ಸು ಅಂತಿದ್ರು, ನನಗೂ ಖುಷಿ ಆಗ್ತಿತ್ತು. ಮೂರು ವರ್ಷ ಆದ್ಮೇಲೆ ಹೆಂಡತಿ ಒಂದಿನ ಕೇಳಿದಳು, 'ದೇವರಿಗೆ ಬಿಟ್ಟಿದೀರೋ, ನಿಮ್ಮ ಅಹಂಕಾರಕ್ಕೆ ಬಿಟ್ಟಿದೀರೋ?' ಉತ್ತರ ಇರ್ಲಿಲ್ಲ. ಆತನೇ ಮೊದ್ಲು ಬಂದು ಕಾಲಿಗೆ ಬೀಳ್ಲಿ ಅಂತ ನಾನು ಒಳಗೊಳಗೇ ಕಾಯ್ತಿದ್ದೆ, ಅದಕ್ಕೆ ದೇವರ ಹೆಸರು ಇಟ್ಟಿದ್ದೆ. ಇದಕ್ಕೆ ಜಾನ್ ವೆಲ್‌ವುಡ್ ಅನ್ನೋ ಮನೋವಿಜ್ಞಾನಿ 1980ರ ದಶಕದಲ್ಲೇ 'ಸ್ಪಿರಿಚುವಲ್ ಬೈಪಾಸಿಂಗ್' ಅಂತ ಹೆಸರಿಟ್ಟಿದ್ರು, ಊರೊಳಗಿನ ರಸ್ತೆ ಕೆಟ್ಟಿದೆ ಅಂತ ಬೈಪಾಸ್ ಹಿಡಿಯೋ ಥರ ಮನಸ್ಸಿನೊಳಗಿನ ನೋವಿನ ಗಲ್ಲಿಗಳನ್ನ ತಪ್ಪಿಸ್ಕೊಳ್ಳೋಕೆ ಅಧ್ಯಾತ್ಮ ಬಳಸೋದು. ಆ ರಸ್ತೆಯಲ್ಲಿ ವೇಗವಾಗಿ ಹೋಗಬಹುದು, ಮನೆ ಮಾತ್ರ ಸಿಗಲ್ಲ.

ಯಾವುದು ಶರಣಾಗತಿ ಯಾವುದು ತಪ್ಪಿಸ್ಕೊಳ್ಳೋದು ಅಂತ ಹೊರಗಿನಿಂದ ಗೊತ್ತಾಗಲ್ಲ, ಎರಡೂ ನೋಡೋಕೆ ಒಂದೇ ಥರ, ಎರಡರಲ್ಲೂ ಮನುಷ್ಯ ಸುಮ್ನಿರ್ತಾನೆ. ನಾನು ನನ್ನ ಹತ್ರ ಬರೋರಿಗೆ ಒಂದೇ ಒಂದು ಗುರುತು ಹೇಳ್ತೀನಿ. ಪ್ರಾರ್ಥನೆ ಮುಗಿಸಿ ಎದ್ದಾಗ, ಬಾಕಿ ಇರೋ ಆ ಕಷ್ಟದ ಕೆಲಸ ಮಾಡೋಕೆ ಸ್ವಲ್ಪ ಸಲೀಸು ಅನ್ಸುತ್ತಾ, ಅಥವಾ ಅದನ್ನ ಇನ್ನೊಂದಿನ ಮುಂದೂಡೋಕೆ ಸಲೀಸು ಅನ್ಸುತ್ತಾ? ನಿಮಗೆ ಯಾವುದು ಅಂತ ನೀವೇ ನೋಡ್ಕೊಳ್ಳಿ, ನನಗೆ ಹೇಳ್ಬೇಕಾಗಿಲ್ಲ.

ಈಗ ನಿಮ್ಮ ಮುಂದೆ ಇರೋ ದಾರಿಗಳು.

ಸುಮ್ನಿರೋದು ಒಂದು ದಾರಿ, ಅದನ್ನ ಹಗುರವಾಗಿ ತಳ್ಳಿಹಾಕಲ್ಲ. ಕೆಲವು ಜಗಳ ಕಾಲ ಕಳೆದ ಹಾಗೆ ತಣ್ಣಗಾಗುತ್ತೆ. ಆದ್ರೆ ಎಂಟು ತಿಂಗಳಾದ್ರೂ ಕೈ ನಡುಗ್ತಿದೆ ಅಂದ್ರೆ ಇದು ತಣ್ಣಗಾಗೋ ಜಾತಿಯದ್ದಲ್ಲ, ಬೂದಿ ಮುಚ್ಚಿದ ಕೆಂಡ. ಇನ್ನೊಂದು, ಪತ್ರದ ವಿಷಯದಲ್ಲಿ ಸುಮ್ನಿದ್ದಷ್ಟೂ ಕಾನೂನಿನ ಗಡಿಯಾರ ಓಡ್ತಿರುತ್ತೆ. ಆಕ್ಷೇಪಣೆ ಹೇಳೋಕೆ ಎಲ್ಲ ಕಡೆ ಒಂದು ಕಾಲಮಿತಿ ಅಂತ ಇರುತ್ತೆ, ಅದು ದಾಟಿದ್ಮೇಲೆ ನಿಮ್ಮ ಮೌನವನ್ನ ಒಪ್ಪಿಗೆ ಅಂತ ಓದೋರು ಇರ್ತಾರೆ.

ನಿಮ್ಮ ಪತ್ರದಲ್ಲಿ ನನಗೆ ಎದ್ದು ಕಂಡ ಒಂದು ವಿಷಯ ಹೇಳ್ಲಾ? ಅಪ್ಪ ಸೈನ್ ಹಾಕಿದ ಆ ಮನೆ ಪತ್ರವನ್ನ ನೀವು ನೋಡಿಲ್ಲ. ಬೇರೆಯವರು ಹೇಳಿದ್ರು, ನೀವು ಫೋನ್ ಮಾಡಿದ್ರಿ, ಗಲಾಟೆ ಆಯ್ತು. ಅದು ಮನೆ ಬರ್ಕೊಟ್ಟಿರೋ ಪತ್ರವೋ, ತೆರಿಗೆ ಕಟ್ಟೋಕೆ ಓಡಾಡೋಕೆ ಅಂತ ಕೊಟ್ಟಿರೋ ಅಧಿಕಾರ ಪತ್ರವೋ, ಇಲ್ಲ ಅಪ್ಪನೇ ಇಷ್ಟಪಟ್ಟು ಮಾಡಿದ್ದೋ, ಅಥವಾ ನಿಜವಾಗ್ಲೂ ಮೋಸವೋ, ಯಾವುದೂ ನಿಮಗೆ ಗೊತ್ತಿಲ್ಲ. ಅಣ್ಣನದ್ದು ತಪ್ಪಿಲ್ಲ ಅಂತ ನಾನು ಹೇಳ್ತಿಲ್ಲ, ತಂಗಿಗೆ ಒಂದು ಮಾತು ಹೇಳ್ದೆ ಇದ್ದಿದ್ದಂತೂ ತಪ್ಪೇ. ಆದ್ರೆ ನೀವು ಎಂಟು ತಿಂಗಳು ನಿದ್ದೆ ಕೆಟ್ಟಿರೋದು ಒಂದು ಕಾಗದದ ಬಗ್ಗೆ ಯಾರೋ ಹೇಳಿದ ವಾಕ್ಯಕ್ಕೆ. ಹಾಗಾಗಿ ಮೊದಲ ಹೆಜ್ಜೆ ಕ್ಷಮೆಯೂ ಅಲ್ಲ, ನೋಟಿಸೂ ಅಲ್ಲ, ಆ ಕಾಗದದಲ್ಲಿ ಏನಿದೆ ಅಂತ ತಿಳ್ಕೊಳ್ಳೋದು. ಅಪ್ಪನನ್ನ ಹೋಗಿ ನೋಡಿ, ಆದ್ರೆ ವಿಚಾರಣೆ ಮಾಡೋಕೆ ಹೋಗ್ಬೇಡಿ. ಮಕ್ಕಳಿಬ್ಬರ ಮಧ್ಯೆ ಅವರೂ ಸಿಕ್ಕಿಹಾಕ್ಕೊಂಡಿದಾರೆ, ಅವರಿಗೂ ಹೆಂಡತಿ ಹೋಗಿ ಎರಡೇ ವರ್ಷ. ಮೊದಲ ಭೇಟಿಯಲ್ಲಿ ಪತ್ರದ ಮಾತೇ ಎತ್ತದೆ ಬಂದ್ರೂ ಅದು ವ್ಯರ್ಥ ಅಲ್ಲ.

ಅದರ ಜೊತೆಗೇ ಒಬ್ಬ ವಕೀಲರನ್ನ ಕಂಡು ಬನ್ನಿ. ವಕೀಲರನ್ನ ಕಾಣೋದಕ್ಕೂ ನೋಟಿಸ್ ಕಳಿಸೋದಕ್ಕೂ ತುಂಬಾ ದೂರ ಇದೆ, ನಿಮ್ಮ ಹಕ್ಕು ಏನು, ಎಷ್ಟು ಟೈಮ್ ಇದೆ, ಯಾವ ಕಾಗದದ ನಕಲು ಎಲ್ಲಿ ಸಿಗುತ್ತೆ ಅಂತ ತಿಳ್ಕೊಂಡ್ರೆ ಅರ್ಧ ಭಯ ಇಳಿಯುತ್ತೆ, ಇದು ನನ್ನ ಅನುಭವ. ಇದು ದೇವರ ಮೇಲಿನ ಅಪನಂಬಿಕೆಯಾ ಅಂತ ಕೇಳಿದ್ರಿ. ಎಲ್ಲ ಗ್ರಹಿಕೆಗೂ ಮೀರಿದ ದೇವಶಾಂತಿ ಅಂತ ಬೈಬಲಿನಲ್ಲಿ ಬರೆದ ಸಂತ ಪೌಲ ಅದನ್ನ ಬರೆದಿದ್ದು ಸೆರೆಯಲ್ಲಿ ಕೂತು, ಮತ್ತೆ ಅದೇ ಪೌಲ ತನ್ನ ಮೇಲೆ ಆರೋಪ ಬಂದಾಗ ರೋಮನ್ ಪ್ರಜೆಯಾಗಿ ತನಗಿದ್ದ ಹಕ್ಕು ಬಳಸಿ ನೇರ ಚಕ್ರವರ್ತಿಗೇ ಮೇಲ್ಮನವಿ ಹಾಕಿದ. ಎರಡೂ ಒಬ್ಬನೇ ಮನುಷ್ಯನಲ್ಲಿ ಇತ್ತು. ಪೂರ್ತಿ ನಿಜ ಹೇಳ್ಬೇಕಂದ್ರೆ, ನಂಬಿಕೆಯವರು ನಂಬಿಕೆಯವರ ಮೇಲೇ ಕೇಸ್ ಹಾಕ್ತೀರಲ್ಲ ಅಂತ ಕೊರಿಂಥ ಅನ್ನೋ ಊರಿನ ಕ್ರೈಸ್ತರನ್ನ ಬೈದಿದ್ದೂ ಅವನೇ. ಅಂದ್ರೆ ಕೋರ್ಟಿಗೆ ಹೋಗೋದು ಪಾಪ ಅಂತಲೂ ಇಲ್ಲ, ಮೊದಲ ಮೆಟ್ಟಿಲು ಅಂತಲೂ ಇಲ್ಲ. ನಾನು ನೋಡಿರೋ ಪ್ರಕಾರ ನೋಟಿಸಿನ ದೊಡ್ಡ ಅಪಾಯ ಏನಂದ್ರೆ, ಅದು ಹೋದ ದಿನದಿಂದ ಅಣ್ಣ ತಂಗಿ ಮಾತಾಡೋದು ನಿಂತು ಎರಡು ಫೈಲುಗಳು ಮಾತಾಡೋಕೆ ಶುರು ಮಾಡ್ತಾವೆ, ಕೇಸ್ ಗೆದ್ದವರೂ ಆಮೇಲೆ ನನ್ನ ಹತ್ರ ಬಂದು ಅತ್ತಿದ್ದಾರೆ. ಕಳಿಸದೆ ಇರೋದರ ಅಪಾಯವೂ ಅಷ್ಟೇ ದೊಡ್ಡದಿರಬಹುದು, ನಿಜವಾಗ್ಲೂ ಮೋಸ ಆಗಿದ್ದು ನೀವು ಒಳ್ಳೆಯವಳು ಅನ್ನಿಸ್ಕೊಳ್ಳೋಕೆ ಸುಮ್ನಿದ್ರೆ ಆ ಒಳ್ಳೆತನ ಮುಂದೆ ಹೊಟ್ಟೆಯೊಳಗೆ ಕಿಚ್ಚಾಗುತ್ತೆ.

ನೇರ ಮಾತು ನನಗೆ ಇಷ್ಟದ ದಾರಿ, ಆದ್ರೆ ಅದಕ್ಕೆ ತಯಾರಿ ಬೇಕು. ಗ್ರೂಪಲ್ಲಿ ಬೇಡ್ವೇ ಬೇಡ, ಅಲ್ಲಿ ಇಪ್ಪತ್ತು ಜನ ಪ್ರೇಕ್ಷಕರು ಇರ್ತಾರೆ, ಯಾರೂ ಸೋಲೋಕೆ ಒಪ್ಪಲ್ಲ. ಅವನಿಗೆ ಮಾತ್ರ ಒಂದು ಮೆಸೇಜ್, ನಾಲ್ಕೇ ಸಾಲು, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಇರಬಾರದು. 'ಅಣ್ಣಾ, ಆ ದಿನ ನಾನು ಕೂಗಾಡಿದ್ದು ತಪ್ಪು. ಪತ್ರದ ವಿಷಯ ಬೇರೆಯವರಿಂದ ಗೊತ್ತಾಗಿದ್ದು ನನಗೆ ತುಂಬಾ ನೋವಾಗಿದೆ. ಅದರಲ್ಲಿ ಏನಿದೆ ಅಂತ ನನಗೆ ತಿಳೀಬೇಕು. ಈ ವಾರ ಅರ್ಧ ಗಂಟೆ ಕೂತು ಮಾತಾಡೋಣ್ವಾ?' ಇಷ್ಟೇ. ನಿಮ್ಮ ತಪ್ಪಿಗೆ ಕ್ಷಮೆ ಇದೆ, ಆದ್ರೆ ನಿಮ್ಮ ಪ್ರಶ್ನೆಗೆ ಕ್ಷಮೆ ಕೇಳಿಲ್ಲ, ಅದನ್ನ ಗಮನಿಸಿ, ಪ್ರಾರ್ಥನೆ ಮಾಡೋ ಹೆಣ್ಣುಮಕ್ಕಳು ತುಂಬಾ ಸಲ ಪ್ರಶ್ನೆಗೂ ಸೇರಿಸಿ ಕ್ಷಮೆ ಕೇಳಿಬಿಡ್ತಾರೆ. ಅವನು ಬೈದು ಉತ್ತರ ಹಾಕಬಹುದು, ಉತ್ತರವೇ ಹಾಕ್ದೆ ಇರಬಹುದು. ಆಗ ಇಬ್ಬರಿಗೂ ಗೌರವ ಇರೋ, ಇಬ್ಬರಿಂದಲೂ ಏನೂ ಬೇಕಾಗಿಲ್ಲದ ಒಬ್ಬರನ್ನ ಮಧ್ಯೆ ಕೂರಿಸಿ. ನಿಮಗೆ 'ಸುಮ್ನಿರು' ಅಂದ ಆ ದೊಡ್ಡವರು ಬೇಡ, ಅವರು ಆಗ್ಲೇ ತೀರ್ಪು ಕೊಟ್ಟಾಗಿದೆ.

ಮಾತಾಡೋವಾಗ ಎದೆಬಡಿತ ಏರಿದ್ರೆ ನಿಲ್ಲಿಸಿ. ದಂಪತಿಗಳ ಜಗಳಗಳನ್ನ ದಶಕಗಟ್ಟಲೆ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್ ಹೇಳೋದು, ನಾಡಿ ನಿಮಿಷಕ್ಕೆ 100 ದಾಟಿದ್ಮೇಲೆ ಎದುರಿನವರು ಹೇಳೋದು ಕಿವಿಗೆ ಬಿದ್ರೂ ತಲೆಗೆ ಹೋಗಲ್ಲ, ಇಳಿಯೋಕೆ ಕಮ್ಮಿ ಅಂದ್ರೂ 20 ನಿಮಿಷ ಬೇಕು ಅಂತ. ನಿಮ್ಮ ಹತ್ರ ಆ 20 ನಿಮಿಷಕ್ಕೆ ಬೇಕಾದ ಸಾಮಾನು ಆಗ್ಲೇ ಇದೆ, ದಿನಾ ಬೆಳಿಗ್ಗೆ ಪ್ರಾಕ್ಟೀಸ್ ಮಾಡ್ತಿದ್ದೀರಿ. ಜಗಳದ ಮಧ್ಯೆ 'ಅಣ್ಣಾ ಸ್ವಲ್ಪ ಹೊತ್ತು ಬಿಟ್ಟು ಮಾತಾಡೋಣ' ಅಂತ ಎದ್ದುಹೋಗಿ ಹತ್ತಿಪ್ಪತ್ತು ಸಲ ನಿಮ್ಮ ದೇವರ ಹೆಸರು ನಿಧಾನಕ್ಕೆ ಉಸಿರಿನ ಜೊತೆ ಹೇಳಿ ವಾಪಸ್ ಬನ್ನಿ. ವಾಪಸ್ ಬರೋದು ಮುಖ್ಯ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದಾಗ ಬರಲ್ಲ ಅಂತಾರಲ್ಲ, ಆ ಕೊಯ್ಯೋ ಗಳಿಗೆಯನ್ನ ದಾಟಿಸೋದು ಪ್ರಾರ್ಥನೆ ನಿಮಗೆ ಮಾಡೋ ದೊಡ್ಡ ಉಪಕಾರ.

ಒಂದು ಎಚ್ಚರಿಕೆ, ಇದು ನಿಮಗಲ್ಲದಿದ್ರೂ ಓದ್ತಿರೋ ಬೇರೆಯವರಿಗೆ. ಎದುರಿನವರು ಹೊಡೆಯೋರು, ಬೆದರಿಸೋರು ಆಗಿದ್ರೆ ಮೇಲಿನ ನೇರ ಮಾತಿನ ಸಲಹೆ ಪೂರ್ತಿ ಬಿಟ್ಬಿಡಿ. ಅಲ್ಲಿ ಮೊದಲು ಸುರಕ್ಷಿತ ಜಾಗ, ನಂಬಿಕಸ್ತ ಜನ, ಕಾನೂನಿನ ಸಹಾಯ. ಹೊಡೆತ ತಿನ್ನೋರಿಗೆ 'ಸಹಿಸ್ಕೋ, ದೇವರು ನೋಡ್ತಾನೆ' ಅನ್ನೋದನ್ನ ನಾನು ಆಧ್ಯಾತ್ಮಿಕ ಸಲಹೆ ಅಂತ ಒಪ್ಪಲ್ಲ.

ಆ ರಾತ್ರಿಯ ಪ್ರಾರ್ಥನೆ ವಿಷಯಕ್ಕೆ ಬರೋಣ. ಅದಕ್ಕೆ ನಾಚಿಕೆ ಯಾಕೆ? ಶತ್ರುವಿಗೆ ಕೇಡಾಗ್ಲಿ ಅಂತ ಬಾಯಿಬಿಟ್ಟು ಬೇಡೋ ಕೀರ್ತನೆಗಳೂ ಬೈಬಲಿನ ಆ 150ರಲ್ಲೇ ಇವೆ, 109ನೇದು ಓದಿದ್ರೆ ನಿಮ್ಮ ಬೇಡಿಕೆ ತೀರಾ ಸಣ್ಣದು ಅನ್ಸುತ್ತೆ. ಆ ವಿಷವನ್ನ ಅಣ್ಣನ ಮೇಲೆ ಉಗುಳದೆ ದೇವರ ಮುಂದೆ ಉಗುಳಿದ್ರಿ, ಜಾಗ ಸರಿಯಾಗೇ ಆರಿಸ್ಕೊಂಡ್ರಿ ಅಂತೀನಿ ನಾನು. ಅಲ್ಲೇ ನಿಲ್ಲಬಾರದು, ಅಷ್ಟೇ. 2011ರಲ್ಲಿ ರಯಾನ್ ಬ್ರೆಮ್ನರ್, ಸಾಂಡರ್ ಕೂಲ್, ಬ್ರಾಡ್ ಬುಷ್‌ಮನ್ ಅನ್ನೋ ಸಂಶೋಧಕರು ಸೇರಿ ಕೆಲವು ಪ್ರಯೋಗಗಳನ್ನ ಪ್ರಕಟಿಸಿದ್ರು. ಅದರಲ್ಲಿ ಒಂದರಲ್ಲಿ ಬೇಕಂತಲೇ ಕೋಪ ಬರಿಸಿ, ಆಮೇಲೆ ಒಂದು ಗುಂಪಿಗೆ ಕೋಪ ಬರಿಸಿದವನಿಗಾಗಿ ಪ್ರಾರ್ಥನೆ ಮಾಡೋಕೆ ಹೇಳಿದ್ರು, ಇನ್ನೊಂದು ಗುಂಪಿಗೆ ಅವನ ಬಗ್ಗೆ ಸುಮ್ನೆ ಯೋಚನೆ ಮಾಡೋಕೆ ಹೇಳಿದ್ರು. ಪ್ರಾರ್ಥನೆ ಮಾಡಿದವರು ಆಮೇಲೆ ಅವನ ಮೇಲೆ ತಿರುಗಿಬೀಳೋದು ಕಮ್ಮಿ ಆಯ್ತು. ಐದೇ ನಿಮಿಷದ ಪ್ರಯೋಗ, ನಲವತ್ತು ವರ್ಷದ ಸಂಬಂಧ ಅದರಿಂದ ಸರಿ ಹೋಗುತ್ತೆ ಅಂತ ನಾನು ಹೇಳಲ್ಲ, ಆದ್ರೆ ಒಂದು ವ್ಯತ್ಯಾಸ ಅದು ಚೆನ್ನಾಗಿ ತೋರಿಸುತ್ತೆ: ಅವನ ಬಗ್ಗೆ ಯೋಚಿಸೋದು ಬೇರೆ, ಅವನಿಗಾಗಿ ಬೇಡೋದು ಬೇರೆ. ಬಹಳ ಜನ ಪ್ರಾರ್ಥನೆ ಅಂತ ಕೂತು ಮಾಡೋದು ಮೊದಲನೇದು, ಅವನು ಹಂಗಂದ, ನಾನು ಹಿಂಗಂದೆ, ನೀನೇ ನೋಡಪ್ಪಾ ದೇವರೇ, ಅಂತ ಒಂದು ಗಂಟೆ ಅದೇ ರೀಲು ಓಡಿಸೋದು. ಎದ್ದಾಗ ಕೋಪ ಇನ್ನೂ ನಾಲ್ಕು ಪಟ್ಟಾಗಿರುತ್ತೆ.

ಅಣ್ಣನಿಗಾಗಿ ದೊಡ್ಡ ದೊಡ್ಡ ಒಳ್ಳೆಯದು ಬೇಡೋಕೆ ಈಗ ನಿಮ್ಮ ಕೈಲಾಗಲ್ಲ, ಸುಳ್ಳು ಹೇಳ್ಬೇಡಿ, ದೇವರಿಗೆ ಗೊತ್ತಾಗುತ್ತೆ. 'ಇವತ್ತು ರಾತ್ರಿ ಅವನಿಗೂ ನಿದ್ದೆ ಬರ್ಲಿ, ನನಗೂ ಬರ್ಲಿ' ಅಂತ ಒಂದು ಸಾಲಿನಿಂದ ಶುರು ಮಾಡಿ. ಇದರರ್ಥ ಅವನನ್ನ ಕ್ಷಮಿಸಿಬಿಟ್ರಿ ಅಂತಲ್ಲ. ಕ್ಷಮಿಸಿದ್ರೂ ಮೊದಲಿನ ಥರ ಒಂದಾದ್ರಿ ಅಂತಲ್ಲ, ಒಂದಾದ್ರೂ ನಿಮ್ಮ ಪಾಲು ಬಿಟ್ಕೊಟ್ರಿ ಅಂತಲ್ಲ. ಇವೆಲ್ಲ ಬೇರೆ ಬೇರೆ ಬಾಗಿಲು, ಒಂದು ತೆಗೆದ್ರೆ ಎಲ್ಲ ತೆಗೀಬೇಕು ಅಂತ ಯಾರೋ ಹೆದರಿಸಿರ್ತಾರೆ, ಅದಕ್ಕೇ ಜನ ಮೊದಲನೇದನ್ನೂ ತೆಗೆಯಲ್ಲ.

ನಿಮ್ಮ ಗಂಡನ ಮಾತು ಒರಟಾಗಿ ಕೇಳಿಸಿರಬಹುದು, ಆದ್ರೆ ರಾತ್ರಿಯೆಲ್ಲ ನೀವು ಹೊರಳಾಡೋದನ್ನ ಪಕ್ಕದಲ್ಲೇ ನೋಡ್ತಿರೋದು ಅವರು. ಅವರಿಗೆ ಗೊತ್ತಿರೋ ಔಷಧಿ ನೋಟಿಸ್, ಅದನ್ನ ಹೇಳಿದಾರೆ. ವಕೀಲರ ಹತ್ರ ಅವರನ್ನೇ ಕರ್ಕೊಂಡು ಹೋಗಿ, ಆದ್ರೆ ಅಣ್ಣನ ಜೊತೆಗಿನ ಮಾತಿಗೆ ಮಾತ್ರ ಒಬ್ರೇ ಹೋಗಿ, ಭಾವ ಭಾವಮೈದ ಎದುರಾಬದುರಾ ಕೂತ್ರೆ ಅದು ಬೇರೆಯೇ ಪಂದ್ಯ ಆಗುತ್ತೆ.

ನಿದ್ದೆ ಎಂಟು ತಿಂಗಳಿಂದ ಇಲ್ಲ ಅಂದ್ರೆ ಅದನ್ನ ಪ್ರಾರ್ಥನೆಯಿಂದಲೇ ಸರಿ ಮಾಡ್ತೀನಿ ಅಂತ ಹಠ ಹಿಡೀಬೇಡಿ, ಈ ವಾರವೇ ಒಬ್ಬ ಡಾಕ್ಟರಿಗೆ ತೋರಿಸಿ. ಎರಡು ವಾರಕ್ಕಿಂತ ಹೆಚ್ಚು ದಿನ ಯಾವುದರಲ್ಲೂ ಆಸಕ್ತಿ ಇಲ್ಲ, ಊಟ ಸೇರ್ತಿಲ್ಲ, ಕಾರಣ ಇಲ್ಲದೆ ಅಳು ಬರ್ತಿದೆ ಅಂದ್ರೆ ಅದನ್ನೂ ಹೇಳಿ. ಬದುಕೇ ಬೇಡ ಅನ್ನೋ ಯೋಚನೆ ಒಂದು ಸಲ ಬಂದಿದ್ರೂ ಅವತ್ತೇ ಯಾರಿಗಾದ್ರೂ ಬಾಯಿಬಿಟ್ಟು ಹೇಳಿ, ಮುಚ್ಚಿಡ್ಬೇಡಿ.

ಕೊನೇ ಪ್ರಶ್ನೆ, ಪ್ರಾರ್ಥನೆ ಜಾಸ್ತಿ ಮಾಡ್ಲಾ ಕಮ್ಮಿ ಮಾಡ್ಲಾ. ಎರಡೂ ಬೇಡ, ಈಗಿರೋ ಟೈಮೇ ಇರ್ಲಿ. ಬೆಳಿಗ್ಗೆಯ ಒಂದು ಗಂಟೆಯ ಕೊನೆಯ ಐದು ನಿಮಿಷ ಒಂದು ಪೆನ್ನು ಕಾಗದ ಹತ್ರ ಇಟ್ಕೊಂಡು, ಇವತ್ತು ನನ್ನ ಕೈಲಿರೋ ಒಂದು ಕೆಲಸ ಯಾವುದು ಅಂತ ಬರ್ಕೊಳ್ಳಿ. ಅಪ್ಪನಿಗೆ ಫೋನ್, ವಕೀಲರ ಅಪಾಯಿಂಟ್‌ಮೆಂಟ್, ಆ ನಾಲ್ಕು ಸಾಲಿನ ಮೆಸೇಜ್, ಯಾವುದೋ ಒಂದು. ಸಂಜೆ ಕೂತಾಗ ಅದು ಆಯ್ತಾ ಇಲ್ವಾ ದೇವರಿಗೇ ಹೇಳಿ. ಫ್ಯಾಮಿಲಿ ಗ್ರೂಪನ್ನ ಮ್ಯೂಟ್ ಮಾಡಿ, ಎಕ್ಸಿಟ್ ಆಗ್ಬೇಡಿ, ಅದಕ್ಕೆ ಇನ್ನೊಂದು ಜಗಳ ಆಗುತ್ತೆ. ಮತ್ತೆ ಪ್ರಾರ್ಥನೆಗೆ ಕೂತಾಗ ಫೋನ್ ಪಕ್ಕದಲ್ಲೇ ಇಟ್ಕೊಂಡಿರ್ತೀರಿ ಅಂತ ನನಗೆ ಯಾಕೋ ಅನುಮಾನ, ಅದನ್ನ ಬೇರೆ ರೂಮಲ್ಲಿಡಿ.